ಡಬ್ಬಿ ತುಂಬ ರಾಗಿಯಿತ್ತು, ಹಿಟ್ಟಿರಲಿಲ್ಲ

ಮನೆಖರ್ಚು ಬರೆದಿಡುವ ಅಭ್ಯಾಸವನ್ನು ನಾನು ಮದುವೆಯಾದ ವರ್ಷದಿಂದ ಬಿಟ್ಟಿಲ್ಲ. ಕಳೆದ ವಾರ ಅಟ್ಟ ಗುಡಿಸುವಾಗ 2020ರ ಡೈರಿ ಕೈಗೆ ಸಿಕ್ಕಿತು. ಮಾರ್ಚ್ 22ರಂದು, ಅಂದರೆ ಜನತಾ ಕರ್ಫ್ಯೂ ಇದ್ದ ಭಾನುವಾರ, ಬೇರೆ ಕೆಲಸವಿಲ್ಲದೆ ಕುಳಿತು ಮನೆಯಲ್ಲಿದ್ದ ಸಾಮಾನನ್ನೆಲ್ಲ ಪಟ್ಟಿ ಮಾಡಿದ್ದೆ: ರಾಗಿ 25 ಕೆ.ಜಿ., ಅಕ್ಕಿ 18, ತೊಗರಿಬೇಳೆ 4, ಹುರುಳಿಕಾಳು 3, ಒಣಗಿದ ಅವರೆಕಾಳು 2, ಎಣ್ಣೆ 3 ಲೀಟರ್, ಬೆಲ್ಲ, ಹುಣಸೆಹಣ್ಣು, ಉಪ್ಪು. ಪಟ್ಟಿಯ ಕೆಳಗೆ ‘ಎರಡು ತಿಂಗಳಿಗೆ ಧಾರಾಳ’ ಎಂದು ಬರೆದು ಗೆರೆ ಎಳೆದಿದ್ದೆ. ಅದಾದ ಎಂಟನೆಯ ದಿನದ ಪುಟದಲ್ಲಿ ಇರುವುದು ಒಂದೇ ಸಾಲು: ‘ಹಿಟ್ಟು ಮುಗಿಯಿತು. ಗಿರಣಿ ಇಲ್ಲ.’

ಈ ಎರಡು ಪುಟಗಳ ನಡುವೆ ನಡೆದದ್ದನ್ನು ಆಗ ಬರೆದಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಮನೆಯಲ್ಲಿ ಏನೇನು ಕೂಡಿಟ್ಟುಕೊಳ್ಳಬೇಕು ಎಂದು ತಿಳಿಸುವ ಪಟ್ಟಿಗಳು ಆ ದಿನಗಳಲ್ಲಿ ವಾಟ್ಸಾಪಿನಲ್ಲಿ ದಿನಕ್ಕೆ ಹತ್ತಾದರೂ ಬರುತ್ತಿದ್ದವು. ನಮ್ಮ ಮನೆಯಲ್ಲಿ ನಿಜವಾಗಿ ಕೈಕೊಟ್ಟ ವಸ್ತುಗಳಲ್ಲಿ ಒಂದರ ಹೆಸರೂ ಆ ಪಟ್ಟಿಗಳಲ್ಲಿರಲಿಲ್ಲ. ಅವು ಅಂಗಡಿಯ ಕಪಾಟನ್ನು ನೋಡಿ ಮಾಡಿದ ಪಟ್ಟಿಗಳು. ಕಾಳು ತಟ್ಟೆಗೆ ಬರುವವರೆಗೆ ಎಷ್ಟು ಕೈ ದಾಟುತ್ತದೆ, ಆ ಕೈಗಳಲ್ಲಿ ಯಾವುದು ನಿಂತರೆ ಒಲೆ ನಿಲ್ಲುತ್ತದೆ ಎಂಬ ಲೆಕ್ಕ ಅವುಗಳಲ್ಲಿರಲಿಲ್ಲ. ನನ್ನ ಪಟ್ಟಿಯಲ್ಲೂ ಇರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೊದಲ ತಪ್ಪು ತೀರ ಸಾಮಾನ್ಯವಾದದ್ದು. ‘ಎರಡು ತಿಂಗಳು’ ಎಂದು ನಾನು ಎಣಿಸಿದ್ದು ಮೂರು ಜನರಿಗೆ: ನಾನು, ನಮ್ಮ ಯಜಮಾನರು, ಎಪ್ಪತ್ತೆಂಟು ದಾಟಿದ ನಮ್ಮ ಅತ್ತೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಮರುದಿನ ಸೋಮವಾರ ಲ್ಯಾಪ್‌ಟಾಪ್ ಹೊತ್ತು ಮೈಸೂರಿಗೆ ಬಂದ, ಜೊತೆಗೆ ತನ್ನ ರೂಮಿನ ಗೆಳೆಯನನ್ನೂ ಕರೆತಂದ. ಆ ಹುಡುಗ ಕಲಬುರಗಿಯವನು. ದೇಶದ ಮೊದಲ ಕೋವಿಡ್ ಸಾವು ಮಾರ್ಚ್ ಎರಡನೆಯ ವಾರದಲ್ಲಿ ಅವನ ಊರಿನಿಂದಲೇ ವರದಿಯಾಗಿತ್ತು. ಸದ್ಯಕ್ಕೆ ಈ ಕಡೆ ಬರಬೇಡವೆಂದು ಅವನ ತಂದೆತಾಯಿಯೇ ಹೇಳಿದ್ದರಂತೆ. ಹೀಗೆ ಮೂವರಿದ್ದ ಮನೆ ಐವರದಾಯಿತು. ಹೊಸದಾಗಿ ಸೇರಿದ ಇಬ್ಬರೂ ಇಪ್ಪತ್ತೈದರ ಹರೆಯದವರು ಎಂದ ಮೇಲೆ, ಅಡುಗೆಮನೆಯ ಲೆಕ್ಕದಲ್ಲಿ ಅದು ಐವರಲ್ಲ, ಏಳು ಜನ.

ಅದಕ್ಕೂ ಮೂರು ವಾರ ಮೊದಲು ಮೆಲ್ಬರ್ನ್‌ನಲ್ಲಿರುವ ನನ್ನ ತಂಗಿ ಫೋನ್ ಮಾಡಿ, ಅಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ಟಾಯ್ಲೆಟ್ ಪೇಪರ್‌ಗಾಗಿ ಜನ ಮುಗಿಬೀಳುತ್ತಿದ್ದಾರೆ, ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿದ್ದಾರೆ ಎಂದಿದ್ದಳು. ನೀರು ಬಳಸುವ ನಮಗೆ ಅದಕ್ಕಿಂತ ದೊಡ್ಡ ನಗೆಚಾಟಿಕೆ ಬೇಕಿರಲಿಲ್ಲ; ಅತ್ತೆಯಂತೂ ಎರಡು ದಿನ ನಕ್ಕರು. ಆ ಕಾಗದದ ಬಹುಪಾಲು ಅವರ ದೇಶದಲ್ಲೇ ತಯಾರಾಗುತ್ತದೆ, ಕಾರ್ಖಾನೆಗಳು ಎಂದಿನಂತೆ ನಡೆಯುತ್ತಿವೆ, ಆದರೂ ಕಪಾಟು ಖಾಲಿ ಎಂದು ತಂಗಿ ಹೇಳಿದ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರ ಭಾಷಣ. ಮಧ್ಯರಾತ್ರಿಯಿಂದ 21 ದಿನ ದೇಶವೇ ಲಾಕ್‌ಡೌನ್. ಮರುದಿನ ಯುಗಾದಿ. ಹಬ್ಬದ ಮುನ್ನಾದಿನವಾದ್ದರಿಂದ ಮಾವಿನಸೊಪ್ಪು, ಬೇವು, ಹೂವು ಕೊಳ್ಳಲು ಹೇಗೂ ಬೀದಿಯಲ್ಲಿ ಜನವಿದ್ದರು. ಭಾಷಣ ಮುಗಿದ ಹತ್ತು ನಿಮಿಷದಲ್ಲಿ ಅವರೆಲ್ಲ ನಮ್ಮ ತಿರುವಿನ ದಿನಸಿ ಅಂಗಡಿಯ ಮುಂದೆ ನಿಂತಿದ್ದರು. ಯಜಮಾನರು ಕೂಡ ಒಂದು ಚೀಲ ಹಿಡಿದು ಹೋದರು. ಮೊದಲು ಮುಗಿದದ್ದು ಮ್ಯಾಗಿ ಮತ್ತು ರವೆ, ಆಮೇಲೆ ಎಣ್ಣೆ, ಆಮೇಲೆ ಈರುಳ್ಳಿ. ನಮ್ಮ ಮನೆಯಲ್ಲಿ ಮೂರು ಲೀಟರ್ ಎಣ್ಣೆ ಇದ್ದರೂ ಅವರು ಇನ್ನೂ ಎರಡು ಲೀಟರ್ ತಂದರು. ಏಕೆಂದು ಕೇಳಿದ್ದಕ್ಕೆ, ‘ಎಲ್ಲರೂ ತಗೊಳ್ತಿದ್ರು’ ಎಂದರು. ಮೆಲ್ಬರ್ನ್‌ನ ಕಾಗದದ ಕಥೆಗೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ಆ ಸಾಲಿನಲ್ಲಿ ಯಾರಿದ್ದರು ಎನ್ನುವುದಕ್ಕಿಂತ ಯಾರಿರಲಿಲ್ಲ ಎಂಬುದು ನನಗೆ ತಿಳಿದದ್ದು ಒಂದು ವಾರ ಕಳೆದ ಮೇಲೆ. ಅಂದು ತಿಂಗಳ 24ನೆಯ ತಾರೀಖು. ನಮ್ಮ ಮನೆಗೆಲಸಕ್ಕೆ ಬರುವಾಕೆಯೂ ಸೇರಿದಂತೆ ಸಂಬಳಕ್ಕೆ ಒಂದನೆಯ ತಾರೀಖು ಕಾಯುವ ಮನೆಗಳಲ್ಲಿ ತಿಂಗಳ ಕೊನೆಗೆ ಕೈಯಲ್ಲಿ ಎಷ್ಟಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್ ಒಂದರಂದು ಯಜಮಾನರು ಆಕೆಯ ಬೀದಿಯ ತುದಿಯವರೆಗೆ ಹೋಗಿ ಸಂಬಳ ಕೊಟ್ಟು ಬಂದರು. ಆ ಹೊತ್ತಿಗೆ ಆಕೆಯ ಬೀದಿಯ ಅಂಗಡಿಯಲ್ಲಿ ಅಗ್ಗದ ಎಣ್ಣೆ, ಅಗ್ಗದ ಬೇಳೆ ಎರಡೂ ಇರಲಿಲ್ಲ. ನಾವು ಅನಗತ್ಯವಾಗಿ ತಂದ ಎರಡು ಲೀಟರ್ ಎಣ್ಣೆ ನಮ್ಮ ಕಪಾಟಿನಲ್ಲಿತ್ತು. ಅದರಲ್ಲಿ ಒಂದನ್ನು ಆಮೇಲೆ ಕಳುಹಿಸಿದೆವು ಎಂಬುದನ್ನು ಇಲ್ಲಿ ದೊಡ್ಡಸ್ತಿಕೆಗಾಗಿ ಬರೆಯುತ್ತಿಲ್ಲ. ತೆಗೆದುಕೊಂಡಿದ್ದನ್ನು ಹಿಂದಿರುಗಿಸಿದೆವು, ಅಷ್ಟೆ.

ಆ ವರ್ಷದ ಹೊಸತೊಡಕು, ಅಂದರೆ ಯುಗಾದಿಯ ಮರುದಿನದ ಮಾಂಸದೂಟದ ಹಬ್ಬ, ಕೂಡ ನಮ್ಮ ಕಡೆ ವಿಚಿತ್ರವಾಗಿಯೇ ಕಳೆಯಿತು. ಮಾರ್ಚ್ ಮಧ್ಯದಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿದ್ದರಿಂದ ಕೋಳಿಯ ಮಾತೇ ಇರಲಿಲ್ಲ, ಮಟನ್ ಅಂಗಡಿಯ ಸಾಲು ಎರಡು ಬೀದಿ ದಾಟಿತ್ತು. ನಾವು ಹುರುಳಿಕಾಳಿನ ಸಾರು ಮಾಡಿ ಹಬ್ಬ ಮುಗಿಸಿದೆವು. ಅದೇ ದಿನಗಳಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಪತ್ತೆಯಾಗಿ, ಮೈಸೂರು ರಾಜ್ಯದ ಹಾಟ್‌ಸ್ಪಾಟ್‌ಗಳಲ್ಲಿ ಒಂದಾಯಿತು. ಬೀದಿಯಲ್ಲಿ ಓಡಾಟ ಪೂರ್ತಿ ನಿಂತಿತು. ಡಬ್ಬಿಯ ತಳದಲ್ಲಿದ್ದ ರಾಗಿಹಿಟ್ಟು ಮುಗಿದದ್ದು ಆಗ.

ನಮ್ಮ ಮನೆಗೆ ರಾಗಿ ಬರುವುದು ಯಜಮಾನರ ಊರಿನಿಂದ, ಮೂಟೆಯಲ್ಲಿ. ತಿಂಗಳಿಗೊಮ್ಮೆ ಆರೇಳು ಕೆ.ಜಿ. ಕೇರಿ, ಕಲ್ಲು ಆರಿಸಿ, ಗಿರಣಿಗೆ ಕೊಟ್ಟು ಹಿಟ್ಟು ಮಾಡಿಸುವುದು ವಾಡಿಕೆ. ಹೆಚ್ಚು ಮಾಡಿಸಿದರೆ ಹಿಟ್ಟು ಕಹಿಯಾಗುತ್ತದೆ. ದಿನಸಿ ಅಂಗಡಿ ತೆರೆಯಲು ಅಡ್ಡಿಯಿಲ್ಲ ಎಂದು ಸರ್ಕಾರ ಹೇಳಿದ್ದರೂ, ನಮ್ಮ ಗಿರಣಿಯವರಿಗೆ ಶೆಟರ್ ಎತ್ತುವ ಧೈರ್ಯವಾಗಲಿಲ್ಲ. ಹಿಟ್ಟು ಬೀಸುತ್ತಿದ್ದ ಹುಡುಗ ಯುಗಾದಿಗೆಂದು ಊರಿಗೆ ಹೋದವನು ಅಲ್ಲೇ ಉಳಿದಿದ್ದ. ಅಂಗಡಿಯಲ್ಲಿ ಸಿಗುತ್ತಿದ್ದ ಪ್ಯಾಕೆಟ್ ಹಿಟ್ಟು ಮೊದಲ ವಾರದಲ್ಲೇ ಖಾಲಿಯಾಗಿತ್ತು. ಇಪ್ಪತ್ತು ಕೆ.ಜಿ.ಗೂ ಹೆಚ್ಚು ರಾಗಿಯನ್ನು ಎದುರಿಗಿಟ್ಟುಕೊಂಡು ಮುದ್ದೆಗೆ ಗತಿಯಿಲ್ಲದೆ ಕುಳಿತ ಪರಿಸ್ಥಿತಿ ನನಗೆ ಅದೇ ಮೊದಲು.

ಮಿಕ್ಸಿಯಲ್ಲಿ ಹಾಕಿ ನೋಡಿದೆ. ರಾಗಿ ಚಿಕ್ಕದು, ಗುಂಡಗಿನದು, ಗಟ್ಟಿ. ಬ್ಲೇಡಿನ ಅಡಿಯಿಂದ ಜಾರಿಕೊಂಡು ಸುತ್ತು ಹೊಡೆಯುತ್ತದೆಯೇ ಹೊರತು ಪುಡಿಯಾಗುವುದಿಲ್ಲ. ಎರಡೆರಡು ಹಿಡಿ ಹಾಕಿ, ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೆ ಹಾಕಿ, ಅರ್ಧ ಗಂಟೆಯಲ್ಲಿ ಒಂದು ಲೋಟ ಹಿಟ್ಟು ಸಿಕ್ಕಿತು. ಅಷ್ಟರಲ್ಲಿ ಮಿಕ್ಸಿಯ ಮೋಟಾರಿನಿಂದ ಸುಟ್ಟ ವಾಸನೆ. ಅದು ಕೆಟ್ಟರೆ ರಿಪೇರಿ ಅಂಗಡಿಯೂ ಇಲ್ಲವೆಂದು ಹೊಳೆದ ಕೂಡಲೇ ನಿಲ್ಲಿಸಿದೆ. ಆ ಹಿಟ್ಟಿನ ಮುದ್ದೆ ಕಟ್ಟಿದರೆ ತಟ್ಟೆಯಲ್ಲಿ ನಿಲ್ಲದೆ ಹರಡಿಕೊಂಡಿತು, ನುಂಗಿದರೆ ಗಂಟಲಲ್ಲಿ ತರಿ ತರಿ. ಕಲಬುರಗಿಯ ಹುಡುಗ ಮೊದಲೇ ಮುದ್ದೆ ಕಂಡರೆ ಅಂಜುವವನು. ‘ಆಂಟೀ, ಜ್ವಾಳದ ಹಿಟ್ಟು ಇದ್ರ ನಾನ ರೊಟ್ಟಿ ಬಡೀತಿದ್ದೆ’ ಎಂದು ಮೆಲ್ಲಗೆ ಹೇಳಿದ. ಜೋಳದ ಹಿಟ್ಟಿಗೂ ಗಿರಣಿಯೇ ಬೇಕಿತ್ತು.

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಜಾಗದಲ್ಲಿ, ನೀರಿನ ಡ್ರಮ್ಮಿನ ಅಡಿ, ನಮ್ಮ ಅತ್ತೆಯ ಬೀಸುಕಲ್ಲು ಇತ್ತು. ಮನೆ ಕಟ್ಟಿಸಿದಾಗ ಊರಿನಿಂದ ತಂದದ್ದು. ಡ್ರಮ್ಮಿಗೆ ಎತ್ತರ ಬೇಕಾಗಿ ಮೇಲಿನ ಕಲ್ಲು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಸೇರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಹುಡುಗರಿಬ್ಬರೂ ಡ್ರಮ್ಮು ಖಾಲಿ ಮಾಡಿ ಕಲ್ಲು ತೆಗೆದು, ಪಾಚಿ ಉಜ್ಜಿ ತೊಳೆದು, ಬಿಸಿಲಿಗಿಟ್ಟರು. ಹಿಡಿಯ ಗೂಟ ಯಾವಾಗಲೋ ಮುರಿದುಹೋಗಿತ್ತು. ಹಳೆಯ ಲಟ್ಟಣಿಗೆಯೊಂದರ ತುದಿಯನ್ನು ಸವರಿ, ಬಟ್ಟೆ ಸುತ್ತಿ ಗೂಟದ ತೂತಿಗೆ ಬಡಿದು ಕೂರಿಸಿದ್ದು ಯಜಮಾನರ ಕೆಲಸ. ನನ್ನ ಮಣಿಕಟ್ಟು ಸಂಧಿವಾತದಿಂದ ಬೆಳಗಿನ ಹೊತ್ತು ಚಪಾತಿ ಲಟ್ಟಿಸಲೂ ಬಾರದ ಸ್ಥಿತಿಯಲ್ಲಿತ್ತು; ಹಾಗಾಗಿ ನಾನು ಗೋಣಿಚೀಲದ ಮೇಲೆ ಬಿಳಿ ಪಂಚೆ ಹಾಸಿ, ಕಲ್ಲಿನ ಸುತ್ತ ಬೀಳುವ ಹಿಟ್ಟು ಬಳಿಯುವ ಕೆಲಸಕ್ಕೆ ನಿಂತೆ.

ಅತ್ತೆ ಕುರ್ಚಿಯ ಮೇಲೆ ಕುಳಿತು ಹೇಳಿಕೊಟ್ಟರು. ಮೊದಲು ಎರಡು ಹಿಡಿ ಅಕ್ಕಿ ಬೀಸಿ ಆ ಹಿಟ್ಟನ್ನು ಚೆಲ್ಲಬೇಕು; ಕಲ್ಲಿನ ಪುಡಿ, ಮಣ್ಣು ಅದರೊಂದಿಗೆ ಹೋಗುತ್ತದೆ. ಹಾಗೆ ಎರಡು ಸಲ ಮಾಡಿದೆವು. ಮೊದಲಿನದು ಬೂದಿಯ ಬಣ್ಣಕ್ಕಿತ್ತು, ಎರಡನೆಯದು ಅಕ್ಕಿಯ ಬಣ್ಣಕ್ಕೆ ಬಂದಿತು. ಆಮೇಲೆ ರಾಗಿ. ಮಗ ಜಿಮ್ಮಿನಲ್ಲಿ ಬೆಳೆಸಿದ ತೋಳಿನ ಭರದಲ್ಲಿ ಕಲ್ಲನ್ನು ಗರಗರ ತಿರುಗಿಸಿ, ಬಾಯಿಗೆ ಮೇಲಿಂದ ಮೇಲೆ ಹಿಡಿ ಹಿಡಿ ರಾಗಿ ಸುರಿದ. ಕಾಳು ಅರೆಬರೆ ಒಡೆದು ಹಾಗೆಯೇ ಹೊರಗೆ ಉದುರಿತು. ‘ಅಷ್ಟು ಅವಸರ ಮಾಡಿದ್ರೆ ಹಿಟ್ಟಾಗಲ್ಲ ಕಣಪ್ಪ, ನುಚ್ಚಾಗ್ತದೆ. ಮೂರು ಬೆರಳಲ್ಲಿ ಹಿಡಿದಷ್ಟು ಹಾಕು, ಕಲ್ಲು ಎರಡು ಸುತ್ತು ಬರ್ಲಿ, ಆಮೇಲೆ ಮತ್ತೆ ಹಾಕು’ ಎಂದರು ಅತ್ತೆ. ಎದುರುಬದುರು ಕುಳಿತ ಇಬ್ಬರೂ ಒಂದೇ ಗೂಟ ಹಿಡಿದು, ಒಬ್ಬ ಎಳೆಯುವಾಗ ಇನ್ನೊಬ್ಬ ಬಿಡುವ ಲಯ ಸಿಗುವುದಕ್ಕೆ ಒಂದು ಗಂಟೆಯೇ ಬೇಕಾಯಿತು. ಕಲ್ಲಿನ ಮೈ ಸವೆದು ನುಣುಪಾಗಿದ್ದರಿಂದ ಎಷ್ಟು ನಿಧಾನವಾಗಿ ಬೀಸಿದರೂ ಹಿಟ್ಟು ಎರಡನೆಯ ಸಲಕ್ಕೆ ಮಾತ್ರ ನಯವಾಗುತ್ತಿತ್ತು. ಉಳಿಯಿಂದ ಮತ್ತೆ ತರಿ ಹೊಡೆಸಿದ್ದರೆ ಒಂದೇ ಸಲಕ್ಕೆ ಆಗುತ್ತಿತ್ತಂತೆ. ಆಗ ಆ ಕೆಲಸದವರನ್ನು ಎಲ್ಲಿಂದ ತರುವುದು?

ಒಟ್ಟಿನಲ್ಲಿ ದಿನಕ್ಕೆ ಸುಮಾರು ಒಂದು ಕೆ.ಜಿ. ಹಿಟ್ಟು, ಅಂದರೆ ದಿನಕ್ಕೊಂದು ಹೊತ್ತಿನ ಮುದ್ದೆ ಮತ್ತು ಬೆಳಿಗ್ಗೆ ಅಂಬಲಿ. ಮುಂದಿನ ಮೂರು ವಾರ ಸಂಜೆ ಐದರಿಂದ ಆರೂವರೆಯವರೆಗೆ ನಮ್ಮ ಹಿತ್ತಿಲಲ್ಲಿ ಬೀಸುಕಲ್ಲಿನ ಸದ್ದಿತ್ತು. ಕಲಬುರಗಿಯ ಹುಡುಗನಿಗೆ ಮುದ್ದೆ ಕೊನೆಯವರೆಗೂ ಒಗ್ಗಲಿಲ್ಲ, ಆದರೆ ಬೀಸುವುದರಲ್ಲಿ ಅವನೇ ನನ್ನ ಮಗನಿಗಿಂತ ಮುಂದಾದ.

ಕೈಗೆ ಕೆಲಸ, ಬಾಯಿಗೆ ಮುದ್ದೆ ಸಿಕ್ಕ ಆ ಸಂಜೆಗಳಲ್ಲಿ ಟಿ.ವಿ.ಯಲ್ಲಿ ನೋಡುತ್ತಿದ್ದ ಸುದ್ದಿ ಬೇರೆಯೇ ಇತ್ತು. ಕೋಲಾರದ ಕಡೆ ಟೊಮೆಟೊ ಕೀಳದೆ ಹೊಲದಲ್ಲೇ ಬಿಟ್ಟಿದ್ದರು. ಚಿಕ್ಕಬಳ್ಳಾಪುರದ ದ್ರಾಕ್ಷಿಗೆ ಕೊಳ್ಳುವವರಿರಲಿಲ್ಲ. ಹೋಟೆಲು, ಸ್ವೀಟ್ ಅಂಗಡಿ, ಮದುವೆ ಎಲ್ಲ ನಿಂತಿದ್ದರಿಂದ ಹಾಲು ಒಕ್ಕೂಟಗಳಲ್ಲಿ ಹಾಲು ಹೆಚ್ಚಾಗಿ, ರಾಜ್ಯ ಸರ್ಕಾರ ಅದನ್ನು ಕೊಂಡು ಕೊಳೆಗೇರಿಗಳಲ್ಲಿ ಉಚಿತವಾಗಿ ಹಂಚಿಸಿತು. ದೇಶದ ಗೋದಾಮುಗಳಲ್ಲಿ ಏಪ್ರಿಲ್ ಆರಂಭಕ್ಕೆ ಕನಿಷ್ಠ ಇರಬೇಕಾದ ಅಕ್ಕಿ, ಗೋಧಿಯ ದಾಸ್ತಾನು ಸುಮಾರು 2.1 ಕೋಟಿ ಟನ್. ಆ ವರ್ಷ ಅದರ ಎರಡು ಪಟ್ಟಿಗೂ ಮೀರಿ ಇತ್ತು. ಅಂದರೆ ಕೊರತೆಯಾದದ್ದು ಧಾನ್ಯಕ್ಕಲ್ಲ. ಹೋಟೆಲಿಗೆ ಹೋಗುವ ಐವತ್ತು ಕೆ.ಜಿ.ಯ ಮೈದಾ ಮೂಟೆ ಗೋದಾಮಿನಲ್ಲೇ ಕುಳಿತಿತ್ತು. ಅದನ್ನು ಒಂದೊಂದು ಕೆ.ಜಿ.ಯ ಪ್ಯಾಕೆಟ್ ಮಾಡುವ ಕೈಗಳು, ಪ್ಯಾಕೆಟನ್ನು ಬೀದಿಯ ಅಂಗಡಿಗೆ ತಲುಪಿಸುವ ಟೆಂಪೊ ಚಾಲಕ, ಆ ಟೆಂಪೊಗೆ ಬೇಕಾದ ಪಾಸು, ಇವುಗಳಲ್ಲಿ ಯಾವುದೋ ಒಂದು ಇರಲಿಲ್ಲ. ನಮ್ಮ ಮನೆಯೊಳಗೆ ರಾಗಿಗೆ ಆದದ್ದೇ ಹೊರಗೆ ದೊಡ್ಡ ಪ್ರಮಾಣದಲ್ಲಿ ಆಗಿತ್ತು.

ಕೆಲಸದಾಕೆಯ ಮನೆಯಲ್ಲೂ ಇದೇ. ಪಡಿತರದಲ್ಲಿ ಎಂದಿನ ಅಕ್ಕಿಯ ಜೊತೆಗೆ ಕೇಂದ್ರದ ಗರೀಬ್ ಕಲ್ಯಾಣ್ ಯೋಜನೆಯಿಂದ ತಲೆಗೆ 5 ಕೆ.ಜಿ.ಯಂತೆ ಹೆಚ್ಚುವರಿ ಅಕ್ಕಿಯೂ ಬಂದಿತು. ಕುಟುಂಬಕ್ಕೆ 1 ಕೆ.ಜಿ. ಬೇಳೆ ಕೊಡುತ್ತಾರೆಂದಿದ್ದರು, ಅದು ಆಕೆಯ ಕೈ ಸೇರಲು ತಡವಾಯಿತು. ‘ಅಕ್ಕಾ, ಅಕ್ಕಿ ಮೂಟೆ ಇದೆ. ಸಾರಿಗೆ ಏನ್ ಹಾಕ್ಲಿ?’ ಎಂದು ಆಕೆ ಫೋನಿನಲ್ಲಿ ಕೇಳಿದ್ದಳು. ಹುಣಸೆಹಣ್ಣು, ಖಾರದ ಪುಡಿ, ಹುರುಳಿಕಾಳು ಕಳುಹಿಸಿದೆ. ಹೊಸ ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಮನೆಗೆ ಬಂದು ವರ್ಷದ ಖಾರದ ಪುಡಿ ಮಾಡಿಸುವುದು ಶಿವರಾತ್ರಿಯಿಂದ ಯುಗಾದಿಯ ತನಕದ ಕೆಲಸ. ಆ ವರ್ಷ ಅದೃಷ್ಟಕ್ಕೆ ಫೆಬ್ರವರಿಯಲ್ಲೇ ಮಾಡಿಸಿದ್ದೆ. ತಡ ಮಾಡಿದ್ದ ಪಕ್ಕದ ಮನೆಯವರು ಮೆಣಸಿನಕಾಯಿ ಮೂಟೆಯನ್ನು ನೋಡಿಕೊಂಡೇ ಜೂನ್ ತಿಂಗಳವರೆಗೆ ಕುಳಿತರು.

ಇನ್ನು ಮಾತ್ರೆಯ ವಿಷಯ. ನನ್ನ ಸಂಧಿವಾತಕ್ಕೆ ಆರು ವರ್ಷಗಳಿಂದ ದಿನಕ್ಕೊಂದು ಹೈಡ್ರಾಕ್ಸಿಕ್ಲೋರೋಕ್ವಿನ್ 200 ಮಿ.ಗ್ರಾಂ. ಮಾತ್ರೆ ನುಂಗುತ್ತಿದ್ದೆ. ಹೆಸರು ಉದ್ದವೆಂಬುದನ್ನು ಬಿಟ್ಟರೆ ಅದನ್ನು ಯಾರೂ ಗಮನಿಸುತ್ತಿರಲಿಲ್ಲ, ಎಲ್ಲ ಔಷಧ ಅಂಗಡಿಗಳಲ್ಲೂ ಸಿಗುತ್ತಿತ್ತು. ಮಾರ್ಚ್ ಮೂರನೆಯ ವಾರದಲ್ಲಿ ಅಮೆರಿಕದ ಅಧ್ಯಕ್ಷರು ಅದನ್ನು ಹೊಗಳಿದರು, ಇಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆಗಾಗಿ ಅದನ್ನು ಕೊಡಬಹುದೆಂದಿತು. ಮಾರ್ಚ್ 25ಕ್ಕೆ ಸರ್ಕಾರ ಅದರ ರಫ್ತು ನಿಲ್ಲಿಸಿತು. ಮರುದಿನ ಚೀಟಿಯಿಲ್ಲದೆ ಮಾರಬಾರದೆಂಬ ಕಟ್ಟುನಿಟ್ಟು ಬಂದಿತು. ಅಷ್ಟರಲ್ಲಿ ಅಗತ್ಯವೇ ಇಲ್ಲದವರು ಸ್ಟ್ರಿಪ್‌ಗಟ್ಟಲೆ ಒಯ್ದಾಗಿತ್ತು. ನನ್ನ ಬಳಿ ಉಳಿದದ್ದು ಒಂಬತ್ತು ಮಾತ್ರೆ. ನಾಲ್ಕು ಅಂಗಡಿಗಳಲ್ಲಿ ‘ಸ್ಟಾಕ್ ಇಲ್ಲ’ ಎಂದರು. ಒಂದು ಅಂಗಡಿಯವನಂತೂ ಚೀಟಿಯನ್ನು ತಿರುಗಿಸಿಯೂ ನೋಡದೆ, ‘ಕೊರೊನಾ ಮಾತ್ರೆನಾ?’ ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಹಿಂದೆ ನಿಂತವರು ಎರಡು ಹೆಜ್ಜೆ ಸರಿದರು. ಅಲ್ಲಿಗೆ ಇನ್ನೆಂದೂ ಹೋಗಿಲ್ಲ.

ಫೋನಿನಲ್ಲಿ ವೈದ್ಯರು ಧೈರ್ಯ ಹೇಳಿದರು. ಈ ಔಷಧ ದೇಹದಿಂದ ಬಹಳ ನಿಧಾನವಾಗಿ ಇಳಿಯುತ್ತದೆ, ಅರ್ಧಕ್ಕಿಳಿಯಲು ವಾರಗಳೇ ಬೇಕು, ಆದ್ದರಿಂದ ಕೆಲವು ದಿನ ತಪ್ಪಿದರೆ ಒಮ್ಮೆಲೇ ನೋವು ಏರುವುದಿಲ್ಲ, ಆದರೆ ನಿಮ್ಮಷ್ಟಕ್ಕೆ ನೀವೇ ಪ್ರಮಾಣ ಬದಲಿಸಬೇಡಿ ಎಂದರು. ಫೋನಿನಲ್ಲಿ ರೋಗಿಯನ್ನು ವಿಚಾರಿಸಿ ಚೀಟಿ ಕೊಡಲು ಕೇಂದ್ರ ಸರ್ಕಾರ ಮಾರ್ಚ್ 25ರಂದೇ ನಿಯಮಾವಳಿ ಹೊರಡಿಸಿತ್ತು. ಹೊಸ ಚೀಟಿ ವಾಟ್ಸಾಪಿನಲ್ಲಿ ಬಂದಿತು. ಕೊನೆಗೆ ಮಾತ್ರೆ ಸಿಕ್ಕಿದ್ದು ನಾನು ಸಾಮಾನ್ಯವಾಗಿ ಹೋಗದಿದ್ದ, ಅತ್ತೆಯ ಥೈರಾಯ್ಡ್ ಮಾತ್ರೆ ಮಾತ್ರ ತರುತ್ತಿದ್ದ ಪುಟ್ಟ ಅಂಗಡಿಯಲ್ಲಿ. ಆ ಅಂಗಡಿಯಾತ ಹಳೆಯ ರೋಗಿಗಳ ಹೆಸರು ಬರೆದ ಒಂದು ನೋಟ್‌ಬುಕ್ ಇಟ್ಟುಕೊಂಡು, ಅವರಿಗಾಗಿ ಎರಡೆರಡು ಸ್ಟ್ರಿಪ್ ತೆಗೆದಿರಿಸಿದ್ದರು. ನನ್ನ ಹೆಸರು ಅದರಲ್ಲಿರಲಿಲ್ಲ. ಅತ್ತೆಯ ಸೊಸೆ ಎಂಬ ಕಾರಣಕ್ಕೆ ಹದಿನೈದು ಮಾತ್ರೆ ಸಿಕ್ಕಿತು. ಹನ್ನೊಂದು ದಿನ ಮಾತ್ರೆಯಿಲ್ಲದೆ ಕಳೆದಿದ್ದೆ. ಜೂನ್ ತಿಂಗಳಲ್ಲಿ ಆ ಔಷಧದಿಂದ ಕೋವಿಡ್ ರೋಗಿಗಳಿಗೆ ಪ್ರಯೋಜನವಿಲ್ಲವೆಂದು ಬ್ರಿಟನ್ನಿನ ದೊಡ್ಡ ಪ್ರಯೋಗವೂ, ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗವೂ ಹೇಳಿದವು. ಜನ ಒಯ್ದು ಕೂಡಿಟ್ಟ ಸ್ಟ್ರಿಪ್‌ಗಳು ಎಷ್ಟು ಮನೆಗಳ ಡ್ರಾಯರಿನಲ್ಲಿ ಅವಧಿ ಮುಗಿದು ಹೋದವೋ.

ಗ್ಯಾಸಿನದು ಅಷ್ಟು ದೊಡ್ಡ ತೊಂದರೆಯಾಗಲಿಲ್ಲ. ಜನ ಹೆದರಿ ಬುಕ್ ಮಾಡತೊಡಗಿದಾಗ ಎರಡು ಬುಕಿಂಗ್ ನಡುವೆ ಹದಿನೈದು ದಿನ ಅಂತರವಿರಬೇಕೆಂದು ಮಾಡಿದರು, ಎರಡು ಸಿಲಿಂಡರ್ ಇರುವ ನಮ್ಮಂಥವರಿಗೆ ಅದು ಸಾಕಾಯಿತು. ಸ್ಯಾನಿಟೈಸರ್ 200 ಮಿ.ಲೀ.ಗೆ 100 ರೂಪಾಯಿ, ಮೂರು ಪದರದ ಮಾಸ್ಕಿಗೆ 10 ರೂಪಾಯಿ ಎಂದು ಸರ್ಕಾರ ದರ ಕಟ್ಟಿತ್ತು. ಆ ದರದಲ್ಲಿ ನಮಗೆ ಎರಡೂ ಸಿಗದೆ, ಯಜಮಾನರ ಹಳೆಯ ಪಂಚೆ ಹರಿದು ಮಾಸ್ಕ್ ಹೊಲಿದುಕೊಂಡೆವು, ಸೋಪಿನಲ್ಲಿ ಕೈ ತೊಳೆದೆವು.

ಬೀಸುವ ಸಂಜೆಗಳಲ್ಲಿ ಅತ್ತೆ ಹಳೆಯ ಮಾತು ತೆಗೆಯುತ್ತಿದ್ದರು. 1965–66ರ ಬರಗಾಲದಲ್ಲಿ ರೇಷನ್ನಿಗೆ ಅಮೆರಿಕದ ಕೆಂಪು ಜೋಳ ಬಂದದ್ದು, ಅದನ್ನು ಎಷ್ಟು ಬೇಯಿಸಿದರೂ ಮೆತ್ತಗಾಗದೆ ಇದ್ದದ್ದು, ಆಗಿನ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಹೇಳಿದರೆಂದು ಸೋಮವಾರ ರಾತ್ರಿ ಒಲೆ ಹಚ್ಚದೆ ಮಲಗಿದ್ದು. ಅವರ ತವರಿನಲ್ಲಿ ಹಗೇವು ಇತ್ತಂತೆ: ಮನೆಯ ಮುಂದೆಯೇ ನೆಲದಡಿ ತೋಡಿದ ಆಳದ ಗುಂಡಿ, ಒಳಗೆ ಸುತ್ತ ಹುಲ್ಲು ಕಟ್ಟಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ತೆಗೆಯುವ ದಿನ ಬಾಯಿ ತೆರೆದು ಗಾಳಿಯಾಡಲು ಬಿಡಬೇಕು, ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಇಳಿಯುವಂತಿಲ್ಲ. ಹಗೇವು ಇದ್ದ ಮನೆಯಲ್ಲಿ ಬೀಸುಕಲ್ಲು, ಒರಳು, ಬೀಸುವ ನಾಲ್ಕು ಜನ ಹೆಂಗಸರು ಎಲ್ಲವೂ ಇದ್ದರು. ನಾನು ಇದನ್ನು ಹಿಂದಿನವರ ಜಾಣತನವೆಂದು ಹೊಗಳಲಾರೆ. ಬೆಳಗಿನ ಜಾವ ಮೂರಕ್ಕೆದ್ದು ಬೀಸುತ್ತಿದ್ದ ಆ ಹೆಂಗಸರಲ್ಲಿ ಹದಿನಾಲ್ಕರ ಹುಡುಗಿಯಾಗಿದ್ದ ಅತ್ತೆಯೇ ಒಬ್ಬರು, ಗಿರಣಿ ಬಂದ ದಿನ ಊರಿನ ಹೆಂಗಸರೆಲ್ಲ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದರೆಂದು ಹೇಳಿದವರೂ ಅವರೇ.

ಎರಡನೆಯ ಅಲೆಯ ಹೊತ್ತಿಗೆ ನಾನು ಜಾಣೆಯಾಗಿದ್ದೇನೆಂದುಕೊಂಡಿದ್ದೆ. 2021ರ ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ, ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಎಂದಾಗ ಮನೆಯಲ್ಲಿ ಹತ್ತು ಕೆ.ಜಿ. ಬೀಸಿದ ಹಿಟ್ಟಿತ್ತು, ಎರಡು ತಿಂಗಳ ಮಾತ್ರೆಯಿತ್ತು, ರಕ್ತದಲ್ಲಿನ ಆಮ್ಲಜನಕ ಅಳೆಯಲು ಹಿಂದಿನ ವರ್ಷವೇ ಕೊಂಡ ಪಲ್ಸ್ ಆಕ್ಸಿಮೀಟರ್ ಇತ್ತು. ಮೇ ಮೊದಲ ವಾರದಲ್ಲಿ ಯಜಮಾನರಿಗೂ ನನಗೂ ಎರಡು ದಿನಗಳ ಅಂತರದಲ್ಲಿ ಜ್ವರ ಬಂದಿತು. ಮಗ ಬೆಂಗಳೂರಿನಲ್ಲಿದ್ದ. ಅತ್ತೆಯನ್ನು ಮಹಡಿಯ ಕೋಣೆಗೆ ಕಳುಹಿಸಿ ಬಾಗಿಲು ಹಾಕಿಸಿದೆವು. ಮುದ್ದೆ ತೊಳಸುವುದಕ್ಕೆ ತೋಳಿನಲ್ಲಿ ಬಲ ಬೇಕು. ನನಗೆ ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಹಿಟ್ಟಿದೆ, ಗ್ಯಾಸಿದೆ, ನೀರಿದೆ, ಅಡುಗೆ ಮಾಡುವವರು ಇಲ್ಲ. ಒಂದು ವರ್ಷದ ಹಿಂದೆ ಗಿರಣಿಯ ಹುಡುಗ ಇದ್ದ ಜಾಗದಲ್ಲಿ ಈಗ ನಾನೇ ಇದ್ದೆ.

ಆ ಹತ್ತು ದಿನ ನಮ್ಮನ್ನು ಕಾಪಾಡಿದ್ದು ಹುರಿಹಿಟ್ಟು. ಅರಳು ಹುರಿದ ರಾಗಿಯ ಹಿಟ್ಟು, ಒಲೆಯೇ ಬೇಡ. ಬಿಸಿನೀರು ಇಲ್ಲವೇ ಮಜ್ಜಿಗೆ, ಒಂದು ಚೂರು ಬೆಲ್ಲ ಸೇರಿಸಿ ಕಲಸಿದರೆ ಊಟ. ಮಾರ್ಚಿನಲ್ಲಿ ಅತ್ತೆಯ ಒತ್ತಾಯಕ್ಕೆ ಎರಡು ಕೆ.ಜಿ. ಮಾಡಿಸಿದ್ದೆ, ಅವರಿಗಾಗಿ ಎಂದುಕೊಂಡು. ನಾಲಿಗೆಗೆ ರುಚಿ, ಮೂಗಿಗೆ ವಾಸನೆ ಯಾವುದೂ ಇಲ್ಲದ ದಿನಗಳಲ್ಲಿ ಅದು ಸುಲಭವಾಗಿ ಗಂಟಲಿಳಿಯುತ್ತಿತ್ತು. ಪಕ್ಕದ ಮನೆಯವರು ಗೇಟಿನ ಮೇಲೆ ಮಜ್ಜಿಗೆಯ ಪಾತ್ರೆ ಇಟ್ಟು ಬೆಲ್ ಒತ್ತಿ ಹೋಗುತ್ತಿದ್ದರು. ಅವರಿಗೆ ಹುಷಾರು ತಪ್ಪಿದಾಗ ನಮ್ಮ ಆಕ್ಸಿಮೀಟರ್ ಅದೇ ಗೇಟಿನ ಮೇಲಿಂದ ಅವರ ಮನೆಗೆ ಹೋಯಿತು. ಆಗ ಅಂಗಡಿಯಲ್ಲಿ ಅದಕ್ಕೆ ಹೇಳಿದ್ದೇ ಬೆಲೆ. 94ಕ್ಕಿಂತ ಕೆಳಗಿಳಿದರೆ ಫೋನ್ ಮಾಡಬೇಕೆಂದು ವೈದ್ಯರು ಹೇಳಿದ್ದರು. ಒಂದು ಮಧ್ಯಾಹ್ನ ಯಜಮಾನರ ಬೆರಳಿಗೆ ಸಿಕ್ಕಿಸಿದ ಯಂತ್ರ 88 ತೋರಿಸಿದಾಗ ನನ್ನ ಜೀವ ಹೋದಂತಾಯಿತು, ಆಮೇಲೆ ನೋಡಿದರೆ ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಬೇರೆ ಸೆಲ್ ಹಾಕಿ ನೋಡಿದರೆ 96. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತ ಸುದ್ದಿ ಬಂದದ್ದು ಅದೇ ವಾರ. ನಮ್ಮ ಮನೆಯ ಕೊರತೆಗಳನ್ನು ಅದರ ಪಕ್ಕದಲ್ಲಿಟ್ಟು ಬರೆಯಲು ಮನಸ್ಸಾಗುವುದಿಲ್ಲ.

ತಪ್ಪುಗಳು ಇನ್ನೂ ಇವೆ. 2020ರ ಜೂನ್ ಮಳೆಯಲ್ಲಿ, ಹೆದರಿಕೆಯಿಂದ ಕೂಡಿಟ್ಟಿದ್ದ ರವೆಗೂ ಗೋಧಿಹಿಟ್ಟಿಗೂ ಹುಳ ಬಿದ್ದು ಐದಾರು ಕೆ.ಜಿ. ಹಸುವಿನ ಪಾಲಾಯಿತು. ಹರಳೆಣ್ಣೆ ಸವರಿಟ್ಟ ತೊಗರಿಬೇಳೆಗೆ, ಬೇವಿನೆಲೆ ಹಾಕಿಟ್ಟ ಅಕ್ಕಿಗೆ ಏನೂ ಆಗಲಿಲ್ಲ. ಹಿಟ್ಟಿಗೆ ಮಾತ್ರ ಅಂಥ ಉಪಾಯವಿಲ್ಲ, ಅದು ಕಾಳಿನಷ್ಟು ಕಾಲ ಬಾಳುವುದಿಲ್ಲ. ಆಮೇಲೆ ಕೊಂಡ ಐದು ಲೀಟರ್ ಸ್ಯಾನಿಟೈಸರ್ ಕ್ಯಾನಿನ ಮುಚ್ಚಳ ಸಡಿಲವಿದ್ದು ಅರ್ಧ ಹಾರಿಹೋಯಿತು. ಸೂರ್ಯಕಾಂತಿ ಎಣ್ಣೆಯ ಬೆಲೆ ಒಂದೇ ವರ್ಷದಲ್ಲಿ ಸುಮಾರು ಅರ್ಧದಷ್ಟು ಏರಿದಾಗ, ಹಿಂದಿನ ವರ್ಷ ಎಣ್ಣೆ ಹೆಚ್ಚು ತಂದರೆಂದು ನಾನು ಬೈದದ್ದನ್ನು ಯಜಮಾನರು ನೆನಪಿಸಿದರು.

ಈಗ ಡೈರಿಯಲ್ಲಿ ಸಾಮಾನಿನ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯುತ್ತೇನೆ: ಇದನ್ನು ತಿನ್ನುವಂತೆ ಮಾಡುವವರು ಯಾರು, ಅವರು ಇಲ್ಲದಿದ್ದರೆ ಏನು. ರಾಗಿಯ ಎದುರಿಗೆ ‘ಗಿರಣಿ, ಇಲ್ಲದಿದ್ದರೆ ಕಲ್ಲು’ ಎಂದಿದೆ. ಮುದ್ದೆಯ ಎದುರಿಗೆ ‘ನಾನು; ಇಲ್ಲದಿದ್ದರೆ ಹುರಿಹಿಟ್ಟು’. ಮಾತ್ರೆಯ ಎದುರಿಗೆ ಆ ಪುಟ್ಟ ಅಂಗಡಿಯ ಫೋನ್ ನಂಬರಿದೆ, ಅವರ ನೋಟ್‌ಬುಕ್ಕಿನಲ್ಲಿ ಈಗ ನನ್ನ ಹೆಸರೂ ಇದೆ. ಆಕ್ಸಿಮೀಟರಿನ ಡಬ್ಬಿಯಲ್ಲಿ ಎರಡು ಹೊಸ ಸೆಲ್ ಇಟ್ಟು, ಪ್ರತಿ ಯುಗಾದಿಗೆ ಬದಲಿಸುತ್ತೇನೆ. ಗಿರಣಿಯ ಹುಡುಗ ಆ ವರ್ಷ ಆಗಸ್ಟಿನಲ್ಲಿ ಹಿಂದಿರುಗಿದ. ಈಗ ಹಬ್ಬಕ್ಕೆ ಊರಿಗೆ ಹೋಗುವ ಮುನ್ನ ಅವನೇ ಫೋನ್ ಮಾಡಿ, ‘ಬೀಸಿಸೋದಿದ್ರೆ ಈಗಲೇ ಕೊಟ್ಟುಬಿಡಿ ಅಮ್ಮ’ ಎನ್ನುತ್ತಾನೆ.

ಎರಡು ವರ್ಷದ ಕೆಳಗೆ ಒರಳುಕಲ್ಲು, ಬೀಸುಕಲ್ಲಿಗೆ ತರಿ ಹೊಡೆಯುವ ಮುದುಕರೊಬ್ಬರು ನಮ್ಮ ಬೀದಿಯಲ್ಲಿ ಕೂಗುತ್ತಾ ಹೋದರು. ಓಡಿಹೋಗಿ ಕರೆತಂದೆ. ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಉಳಿಯಿಂದ ಸಣ್ಣ ಸಣ್ಣ ಏಟು ಹಾಕುತ್ತಾ ಎರಡೂ ಕಲ್ಲುಗಳ ಮೈಗೆ ಮತ್ತೆ ತರಿ ಹಾಕಿದರು. ಮುಗಿದ ಮೇಲೆ ಲಟ್ಟಣಿಗೆಯ ಗೂಟವನ್ನು ನೋಡಿ ನಕ್ಕು, ‘ಇದನ್ಯಾರು ಹಾಕಿದ್ದು?’ ಎಂದು ಕೇಳಿ, ಅದನ್ನು ಕಿತ್ತು ತಮ್ಮ ಚೀಲದಿಂದ ಒಂದು ಗಟ್ಟಿ ಮರದ ಗೂಟ ತೆಗೆದು ಬಡಿದರು. ಕಲ್ಲು ಈಗ ಅಡುಗೆಮನೆಯ ಹೊರಗಿನ ಪಡಸಾಲೆಯಲ್ಲಿದೆ. ನೀರಿನ ಡ್ರಮ್ಮಿನ ಅಡಿಗೆ ನಾಲ್ಕು ಸಿಮೆಂಟ್ ಇಟ್ಟಿಗೆ ಇಟ್ಟಿದ್ದೇವೆ.